ಸಕ್ಕರೆ ಕಾಯಿಲೆ ಇರುವವರು ಅಮೆರಿಕದ ಸ್ಟೇಡಿಯಂನಲ್ಲಿ ಕೂತು ಮ್ಯಾಚ್ ನೋಡಬಹುದೇ?

ಪ್ರಶ್ನೆ: ಡಾಕ್ಟರೇ, ನಾವು ಮೈಸೂರಿನವರು. ಮಗ ಸ್ಯಾನ್ ಡಿಯೇಗೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎಂ.ಎಸ್. ಓದುತ್ತಿದ್ದಾನೆ. ಸೆಪ್ಟೆಂಬರ್‌ನಲ್ಲಿ ಮೂರು ವಾರ ಅವನ ಹತ್ತಿರ ಹೋಗುತ್ತಿದ್ದೇವೆ. ನಾವು ತಲುಪಿದ ನಾಲ್ಕನೇ ದಿನ ಶನಿವಾರ. ಅವತ್ತು ಸ್ನ್ಯಾಪ್‌ಡ್ರ್ಯಾಗನ್ ಅನ್ನುವ ಹೊಸ ಸ್ಟೇಡಿಯಂನಲ್ಲಿ ಅವನ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಮ್ಯಾಚ್ ಇದೆಯಂತೆ. ಕರೆದುಕೊಂಡು ಹೋಗಲೇಬೇಕು ಅಂತ ಹಟ ಹಿಡಿದಿದ್ದಾನೆ. ನಮ್ಮ ಯಜಮಾನರಿಗೆ 67 ವರ್ಷ. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್, ರಾತ್ರಿ 10ಕ್ಕೆ ಇನ್ಸುಲಿನ್. ಬಿ.ಪಿ.ಗೂ ಮಾತ್ರೆ ಇದೆ, ಅದರಲ್ಲಿ ಮೂತ್ರ ಜಾಸ್ತಿ ಹೋಗಿಸುವ ಔಷಧಿಯೂ ಸೇರಿದೆ. ನನಗೆ ಎರಡೂ ಮಂಡಿ ನೋವು, ಮೆಟ್ಟಿಲು ಹತ್ತುವುದು ಕಷ್ಟ. 2025ರಲ್ಲಿ ಚಿನ್ನಸ್ವಾಮಿ ಸ್ಟೇಡಿಯಂ ಹತ್ತಿರ ಆಗಿದ್ದನ್ನು ಟಿವಿಯಲ್ಲಿ ನೋಡಿದ ಮೇಲೆ ಸ್ಟೇಡಿಯಂ ಅಂದರೇ ನನಗೆ ಎದೆ ಢವಢವ. ಯಜಮಾನರು ಮಾತ್ರ ‘ಬಿಸಿಲೇನು ನಮಗೆ ಹೊಸದಾ, ಜನ ಏನು ನಮಗೆ ಹೊಸದಾ?’ ಅಂತಾರೆ. ಹೋಗಬಹುದಾ? ನಾವು ಸಸ್ಯಾಹಾರಿಗಳು, ಅಲ್ಲಿ ತಿನ್ನೋಕೆ ಏನಾದರೂ ಸಿಗುತ್ತಾ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ನಿಮಗೆ ಭಯ ಇರುವುದು ಜನಜಂಗುಳಿಯದು. ನನಗೆ ಭಯ ಆಗಿದ್ದು ನಿಮ್ಮ ಯಜಮಾನರ ಆ ಮಾತಿಗೆ, ‘ಬಿಸಿಲೇನು ನಮಗೆ ಹೊಸದಾ’ ಅಂದರಲ್ಲ, ಅದಕ್ಕೆ.

ನಾನು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಎಮರ್ಜೆನ್ಸಿ ಡಾಕ್ಟರ್. ಮ್ಯಾಚ್ ಸೀಸನ್ನಿನಲ್ಲಿ ಕೆಲವು ಶನಿವಾರ ಸ್ಟೇಡಿಯಂನ ಪ್ರಥಮ ಚಿಕಿತ್ಸೆ ಕೋಣೆಯಲ್ಲಿ ಡ್ಯೂಟಿ ಮಾಡುತ್ತೇನೆ. ಸುಡು ಬಿಸಿಲಿನ ದಿನ ಅಲ್ಲಿಗೆ ಮೊದಲು ಬರುವವರು ತಲೆ ಸುತ್ತಿದವರು. ಆಮೇಲೆ ಮೆಟ್ಟಿಲಲ್ಲಿ ಎಡವಿದವರು. ಆಮೇಲೆ ಬಿಯರ್ ಜಾಸ್ತಿಯಾದವರು. ಗುಂಪಿನಲ್ಲಿ ಸಿಕ್ಕಿ ಉಸಿರುಗಟ್ಟಿದವರನ್ನು ನಾನು ಆ ಕೋಣೆಯಲ್ಲಿ ಇದುವರೆಗೆ ನೋಡಿಲ್ಲ.

ಹಾಗಂತ ನಿಮ್ಮ ಭಯವನ್ನು ತಳ್ಳಿಹಾಕುವುದಿಲ್ಲ. 2025ರ ಜೂನ್ 4ರಂದು ಚಿನ್ನಸ್ವಾಮಿ ಬಳಿ 11 ಜನ ಪ್ರಾಣ ಕಳೆದುಕೊಂಡರು. ನಾವು ಅದನ್ನು ಕಾಲ್ತುಳಿತ ಅಂತೀವಿ. ಆ ಪದ ಕೇಳಿದರೆ ಜನ ಓಡುತ್ತಿದ್ದರು, ಬಿದ್ದವರ ಮೇಲೆ ಕಾಲಿಟ್ಟರು ಅನ್ನಿಸುತ್ತದೆ. ಇಂಥ ದುರಂತಗಳಲ್ಲಿ ಬಹಳಷ್ಟು ಸಾವು ಆಗುವುದು ಹಾಗಲ್ಲ. ಒಂದು ಚದರ ಮೀಟರ್ ಜಾಗದಲ್ಲಿ ನಾಲ್ಕು ಜನ ಇದ್ದರೆ ನೀವು ಬೇಕಾದ ಕಡೆ ಹೆಜ್ಜೆ ಇಡಬಹುದು. ಐದು ದಾಟಿ ಆರು, ಏಳು ಆದರೆ ನಿಮ್ಮ ಕಾಲು ನಿಮ್ಮ ಮಾತು ಕೇಳುವುದಿಲ್ಲ. ಗುಂಪು ನೀರಿನ ಹಾಗೆ ಅಲೆ ಏಳುತ್ತದೆ. ನಾಲ್ಕೂ ಕಡೆಯಿಂದ ಒತ್ತಡ ಬಿದ್ದು ಎದೆ ಹಿಗ್ಗಲು ಜಾಗ ಇರುವುದಿಲ್ಲ. ಮನುಷ್ಯ ನಿಂತಲ್ಲೇ ಉಸಿರುಗಟ್ಟುತ್ತಾನೆ. ಹಿಂದೆ ಇರುವವರಿಗೆ ಮುಂದೆ ಏನಾಗುತ್ತಿದೆ ಅಂತ ಗೊತ್ತೇ ಆಗುವುದಿಲ್ಲ, ಅವರು ತಳ್ಳುತ್ತಲೇ ಇರುತ್ತಾರೆ.

ಅವತ್ತು ಬೆಂಗಳೂರಿನಲ್ಲಿ ಒಳಗೆ ಜಾಗ ಇದ್ದದ್ದು ಸುಮಾರು 35 ಸಾವಿರ ಜನಕ್ಕೆ. ಬಂದವರು ಲಕ್ಷಗಟ್ಟಲೆ. ಯಾರಿಗೆ ಒಳಗೆ ಬಿಡುತ್ತಾರೆ, ಪಾಸ್ ಬೇಕೋ ಬೇಡವೋ ಅನ್ನುವುದೇ ಜನಕ್ಕೆ ಸರಿಯಾಗಿ ಗೊತ್ತಿರಲಿಲ್ಲ. ಸ್ನ್ಯಾಪ್‌ಡ್ರ್ಯಾಗನ್ ಸ್ಟೇಡಿಯಂನಲ್ಲೂ ಹಿಡಿಸುವುದು 35 ಸಾವಿರ ಜನವೇ. ಆದರೆ ಇಲ್ಲಿ ಒಂದು ಸೀಟಿಗೆ ಒಂದು ಟಿಕೆಟ್, ಅದೂ ಫೋನಿನಲ್ಲಿ. ಟಿಕೆಟ್ ಇಲ್ಲದವರು ಗೇಟಿನ ಹತ್ತಿರ ಸೇರಲು ಕಾರಣವೇ ಇಲ್ಲ. ಕಾಲೇಜು ಮ್ಯಾಚ್ ಅಂದರೆ ಜನ ಮೂರು ನಾಲ್ಕು ಗಂಟೆ ಮುಂಚಿನಿಂದ ನಿಧಾನವಾಗಿ ಬರುತ್ತಾರೆ, ಒಂದೇ ಸಲ ಮುಗಿಬೀಳುವುದಿಲ್ಲ.

ಅಮೆರಿಕದವರು ಇದನ್ನೆಲ್ಲ ಹುಟ್ಟಿನಿಂದ ಕಲಿತು ಬಂದವರೇನಲ್ಲ. 1993ರ ಅಕ್ಟೋಬರ್‌ನಲ್ಲಿ ವಿಸ್ಕಾನ್ಸಿನ್ ಯೂನಿವರ್ಸಿಟಿ ತಂಡ ಮಿಷಿಗನ್ ಯೂನಿವರ್ಸಿಟಿ ವಿರುದ್ಧ ಗೆದ್ದಾಗ ವಿದ್ಯಾರ್ಥಿಗಳು ಗ್ಯಾಲರಿಯಿಂದ ಮೈದಾನಕ್ಕೆ ನುಗ್ಗಲು ಹೋದರು. ಕೆಳಗಿನ ಬೇಲಿಗೆ ಸಿಕ್ಕಿ ಎಪ್ಪತ್ತಕ್ಕೂ ಜಾಸ್ತಿ ಮಂದಿಗೆ ಗಾಯವಾಯಿತು. ಜೀವ ಹೋಗಲಿಲ್ಲ ಅನ್ನುವುದೇ ಅದೃಷ್ಟ. ದೊಡ್ಡ ತಂಡವನ್ನು ಸೋಲಿಸಿದಾಗ ಮೈದಾನಕ್ಕೆ ನುಗ್ಗುವ ಚಟ ಇವತ್ತಿಗೂ ಹೋಗಿಲ್ಲ. ಹಾಗಾಗಿ ನಿಮಗೆ ಒಂದು ಮಾತು: ವಿದ್ಯಾರ್ಥಿಗಳ ವಿಭಾಗದಲ್ಲಿ ಕೂರಬೇಡಿ. ಮಗನಿಗೆ ಅಲ್ಲಿ ಸ್ನೇಹಿತರಿರುತ್ತಾರೆ, ಅಪ್ಪ-ಅಮ್ಮನನ್ನು ಅಲ್ಲಿಗೇ ಕರೆದುಕೊಂಡು ಹೋಗುವ ಆಸೆ ಇರುತ್ತದೆ. ಆದರೆ ಅಲ್ಲಿ ಹುಡುಗರು ಮ್ಯಾಚ್ ಪೂರ್ತಿ ನಿಂತೇ ಇರುತ್ತಾರೆ. ನೀವು ಕೂತರೆ ಕಾಣುವುದು ಮುಂದಿನವರ ಬೆನ್ನು ಮಾತ್ರ.

ಸರಿ, ಈಗ ಬಿಸಿಲಿಗೆ ಬರೋಣ.

ಈ ಸ್ಟೇಡಿಯಂ ಇರುವುದು ಮಿಷನ್ ವ್ಯಾಲಿ ಅನ್ನುವ ಕಣಿವೆಯಲ್ಲಿ. 1967ರಲ್ಲಿ ಕಟ್ಟಿದ ಹಳೇ ದೊಡ್ಡ ಸ್ಟೇಡಿಯಂ ಇಲ್ಲೇ ಇತ್ತು. ಅದನ್ನು ಕೆಡವಿ, ಪಕ್ಕದಲ್ಲೇ ಇದನ್ನು ಕಟ್ಟಿದರು. ಹೆಸರು ಬಂದದ್ದು ಫೋನಿನ ಒಳಗಿರುವ ಚಿಪ್‌ನಿಂದ. ಅದನ್ನು ಮಾಡುವ ಕ್ವಾಲ್‌ಕಾಮ್ ಕಂಪನಿಯ ಊರೇ ಸ್ಯಾನ್ ಡಿಯೇಗೊ. ನಿಮ್ಮ ಮಗನ ಫೋನಿನಲ್ಲೂ ಒಂದು ಸ್ನ್ಯಾಪ್‌ಡ್ರ್ಯಾಗನ್ ಇದ್ದರೆ ಆಶ್ಚರ್ಯವಿಲ್ಲ. ಸ್ಟೇಡಿಯಂಗೆ ದೊಡ್ಡ ಚಾವಣಿ ಇಲ್ಲ. ಸ್ಯಾನ್ ಡಿಯೇಗೊ ಅಂದರೆ ಸಮುದ್ರದ ಗಾಳಿ, ಹಿತವಾದ ಹವೆ ಅಂತ ಎಲ್ಲರೂ ಹೇಳುತ್ತಾರೆ, ಅದು ನಿಜ ಕೂಡ. ಆದರೆ ಸಮುದ್ರದ ಗಾಳಿ ದಡದಲ್ಲಿ ಬೀಸುವ ಹಾಗೆ ಒಳಗಿನ ಕಣಿವೆಯಲ್ಲಿ ಬೀಸುವುದಿಲ್ಲ. ಇಲ್ಲಿ ಬೇಸಿಗೆಯ ಕಾವು ಜೋರಾಗುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಆಗೊಮ್ಮೆ ಈಗೊಮ್ಮೆ ಮರುಭೂಮಿ ಕಡೆಯಿಂದ ಒಣ ಗಾಳಿ ಬೇರೆ ಬೀಸುತ್ತದೆ.

2022ರ ಸೆಪ್ಟೆಂಬರ್ 3ರಂದು ಈ ಸ್ಟೇಡಿಯಂನಲ್ಲಿ ಮೊದಲ ಮ್ಯಾಚ್ ನಡೆಯಿತು, ಅರಿಜೋನಾ ತಂಡದ ವಿರುದ್ಧ. ಆಟ ಶುರುವಾಗಿದ್ದು ನಡು ಮಧ್ಯಾಹ್ನ 12.30ಕ್ಕೆ. ಉಷ್ಣಾಂಶ 38 ಡಿಗ್ರಿ ಹತ್ತಿರ ಹೋಗಿತ್ತು. ಸ್ಯಾನ್ ಡಿಯೇಗೊ ತಂಡ 38-20ರಿಂದ ಸೋತಿತು, ಅದು ಬೇರೆ ಮಾತು. ಹೊಸ ಸ್ಟೇಡಿಯಂ ನೋಡಲು ಆಸೆಯಿಂದ ಬಂದ ಎಷ್ಟೋ ಜನ ಸೀಟು ಬಿಟ್ಟು ನೆರಳು ಹುಡುಕಿಕೊಂಡು ಒಳಗಿನ ಓಣಿಗಳಲ್ಲಿ ನಿಂತರು. ಬಿಸಿಲಿನಿಂದ ಅಸ್ವಸ್ಥರಾಗಿ ಚಿಕಿತ್ಸೆ ಪಡೆದವರೂ ಬಹಳ ಮಂದಿ. ಅವರೆಲ್ಲ ಅದೇ ಊರಿನವರು, ಬಿಸಿಲು ಕಂಡವರು.

ಈಗ ನಿಮ್ಮ ಯಜಮಾನರ ಮಾತು. ಸೆಪ್ಟೆಂಬರ್‌ನಲ್ಲಿ ಮೈಸೂರಿನ ಮಧ್ಯಾಹ್ನ ಅಂದರೆ 30 ಡಿಗ್ರಿ ಆಸುಪಾಸು, ಮೇಲೆ ಮೋಡ. ರಾಯಚೂರಿನವರು ಆ ಮಾತು ಆಡಿದ್ದರೆ ಸ್ವಲ್ಪವಾದರೂ ಒಪ್ಪುತ್ತಿದ್ದೆ! ದೇಹ ಬಿಸಿಲಿಗೆ ಹೊಂದಿಕೊಳ್ಳುವುದು ನಿಜ. ಆದರೆ ಅದಕ್ಕೆ ಒಂದರಿಂದ ಎರಡು ವಾರ ಬೇಕು, ಬಿಸಿಲು ತಪ್ಪಿದರೆ ಕೆಲವೇ ವಾರಗಳಲ್ಲಿ ಮರೆತೂ ಬಿಡುತ್ತದೆ. ಚಿಕ್ಕಂದಿನಲ್ಲಿ ಗದ್ದೆಯಲ್ಲಿ ದುಡಿದದ್ದು ಈಗ ಲೆಕ್ಕಕ್ಕೆ ಬರುವುದಿಲ್ಲ. ಜೊತೆಗೆ ನಮ್ಮ ಕಡೆಯ ಸೆಖೆಯಲ್ಲಿ ಬೆವರು ಅಂಗಿಗೆ ಅಂಟಿ, ಸಾಕಾಯಿತು ಅಂತ ನಮಗೇ ಹೇಳುತ್ತದೆ. ಇಲ್ಲಿಯ ಒಣ ಗಾಳಿಯಲ್ಲಿ ಬೆವರು ಬಂದದ್ದೇ ಗೊತ್ತಾಗದೆ ಆರಿಹೋಗುತ್ತದೆ. ‘ನಾನೇನು ಬೆವರಲೇ ಇಲ್ಲವಲ್ಲ’ ಅಂತ ನೀರು ಕುಡಿಯದೆ ಕೂತವರನ್ನೇ ನಾನು ಆಮೇಲೆ ಮಲಗಿಸಿ ಡ್ರಿಪ್ ಹಾಕಿದ್ದೇನೆ.

ಇನ್ನು ಮಾತ್ರೆಗಳು. ಡಾಪಾಗ್ಲಿಫ್ಲೋಜಿನ್ ಕೆಲಸ ಮಾಡುವುದೇ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕಿ. ಅದರ ಜೊತೆ ನೀರೂ ಹೋಗುತ್ತದೆ. ಬಿ.ಪಿ. ಮಾತ್ರೆಯೂ ನೀರು ಹೊರಹಾಕುತ್ತದೆ. ವಯಸ್ಸಾದಂತೆ ಬಾಯಾರಿಕೆ ಕಮ್ಮಿಯಾಗುತ್ತದೆ. ಬಹಳ ವರ್ಷ ಸಕ್ಕರೆ ಕಾಯಿಲೆ ಇದ್ದರೆ ನರಗಳು ಸೋತು, ಬೆವರುವ ಶಕ್ತಿಯೂ ಕುಗ್ಗಿರಬಹುದು. ಎರಡು ತೂತಿನ ಕೊಡ ಬಿಸಿಲಲ್ಲಿ ಇಟ್ಟ ಹಾಗೆ ಆಯಿತು. ಡಾಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ನೀರು ಕುಡಿಯದೆ, ಊಟವೂ ಬಿಟ್ಟರೆ ಇನ್ನೊಂದು ಅಪಾಯ ಇದೆ. ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲ ಏರುತ್ತದೆ. ಹೊಟ್ಟೆ ನೋವು, ವಾಂತಿ, ಜೋರು ಉಸಿರಾಟ ಶುರುವಾಗುತ್ತದೆ. ಗ್ಲುಕೋಮೀಟರ್ ನೋಡಿದರೆ ಸಕ್ಕರೆ ಅಷ್ಟೇನೂ ಜಾಸ್ತಿ ಇರುವುದಿಲ್ಲ, ಹಾಗಾಗಿ ಮೋಸ ಹೋಗುತ್ತಾರೆ. ಇದು ಅಪರೂಪ, ಆದರೆ ಆದಾಗ ತಡಮಾಡುವ ಹಾಗಿಲ್ಲ.

ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಹೊರಡುವ ಮುಂಚೆ ನಿಮ್ಮ ಮೈಸೂರಿನ ಡಾಕ್ಟರನ್ನು ಮೂರು ವಿಷಯ ಕೇಳಿ. ತುಂಬಾ ಬಿಸಿಲಿನ ದಿನ, ಇಲ್ಲವೇ ವಾಂತಿ-ಭೇದಿ ಆದ ದಿನ, ಯಾವ ಮಾತ್ರೆ ಬಿಡಬೇಕು? ಯಜಮಾನರ ಹೃದಯ, ಕಿಡ್ನಿ ನೋಡಿದರೆ ಬಿಸಿಲಲ್ಲಿ ಎಷ್ಟು ನೀರು ಕುಡಿಯಬಹುದು? ಇನ್ಸುಲಿನ್ ಹೊತ್ತು ಹೇಗೆ ಬದಲಾಯಿಸಬೇಕು? ಮೂರನೆಯದನ್ನು ಜನ ಮರೆಯುತ್ತಾರೆ. ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಮೈಸೂರಿನ ರಾತ್ರಿ 10 ಅಂದರೆ ಇಲ್ಲಿ ಬೆಳಿಗ್ಗೆ 9.30. ಬಂದ ನಾಲ್ಕನೇ ದಿನ ಅಂದರೆ ನಿದ್ದೆಯೂ ಸರಿಹೋಗಿರುವುದಿಲ್ಲ, ಹಸಿವಿನ ಹೊತ್ತೂ ತಿರುವುಮುರುವು. ನನಗೆ ಹೆಚ್ಚು ಚಿಂತೆ ಇರುವುದು ಈ ನಾಲ್ಕನೇ ದಿನದ ಬಗ್ಗೆಯೇ.

ಹಾಗಾದರೆ ಹೋಗಬೇಡಿ ಅಂತೀನಾ? ಇಲ್ಲ. ಮ್ಯಾಚ್ ಎಷ್ಟು ಹೊತ್ತಿಗೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಇಲ್ಲಿ ಒಂದು ವಿಚಿತ್ರ ಇದೆ. ಕಾಲೇಜು ಮ್ಯಾಚ್‌ಗಳ ತಾರೀಖು ಎಷ್ಟೋ ಮುಂಚೆ ಗೊತ್ತಿರುತ್ತದೆ, ಗಂಟೆ ಎಷ್ಟೋ ಸಲ ಗೊತ್ತಿರುವುದಿಲ್ಲ. ಅದನ್ನು ನಿರ್ಧರಿಸುವುದು ಟಿವಿ ಚಾನೆಲ್‌ನವರು. ಕೆಲವು ಮ್ಯಾಚ್‌ಗಳ ಸಮಯ ತಿಂಗಳುಗಳ ಮುಂಚೆಯೇ ಗೊತ್ತಾಗುತ್ತದೆ, ಉಳಿದವುಗಳದ್ದು 12 ದಿನ ಮುಂಚೆ, ಕೆಲವು ಸಲ 6 ದಿನ ಮುಂಚೆ ಹೊರಬೀಳುತ್ತದೆ. ಮಗ ಈಗಲೇ ಟಿಕೆಟ್ ತೆಗೆಯದೆ ಅಲ್ಲಿಯವರೆಗೆ ಕಾಯಲಿ. ಟಿಕೆಟ್ ದುಡ್ಡು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ, ದುಡ್ಡು ಕೊಟ್ಟಾಯಿತಲ್ಲ ಅಂತ ಬಿಸಿಲಲ್ಲಿ ಕೂರುವವರು ನಮ್ಮಲ್ಲಿ ಜಾಸ್ತಿ.

ಆಟ ಸಂಜೆ 6ರ ಮೇಲೆ ಶುರು ಅಂತಾದರೆ ಧೈರ್ಯವಾಗಿ ಹೋಗಿ. ಬಿಸಿಲಿನ ಬದಲು ಚಳಿ ನೋಡಿಕೊಳ್ಳಬೇಕು. ಸೂರ್ಯ ಮುಳುಗಿದರೆ ಇಲ್ಲಿ ಬೇಗ ತಣ್ಣಗಾಗುತ್ತದೆ, ಒಂದು ಸ್ವೆಟರ್ ಇರಲಿ. ರಾತ್ರಿ ಮನೆ ಸೇರುವಾಗ ಹನ್ನೊಂದು ದಾಟಬಹುದು. ಇನ್ಸುಲಿನ್ ಪೆನ್ ಮನೆಯಲ್ಲೇ ಇರಲಿ, ಬಂದು ತೆಗೆದುಕೊಳ್ಳಬಹುದಾ ಅಂತ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಮೂರು, ನಾಲ್ಕು ಗಂಟೆಗೆ ಶುರುವಾಗುವ ಆಟ ಆದರೆ ಸೀಟು ನೋಡಿ ತೆಗೆಯಬೇಕು. ಸೂರ್ಯ ಪಶ್ಚಿಮಕ್ಕೆ ಇಳಿಯುವಾಗ ಪಶ್ಚಿಮದ ಗ್ಯಾಲರಿಯ ಬೆನ್ನಿಗೆ ಬಿಸಿಲು ಬೀಳುತ್ತದೆ, ಸೀಟಿಗೆ ನೆರಳು ಬರುತ್ತದೆ. ಪೂರ್ವದ ಗ್ಯಾಲರಿಯವರಿಗೆ ಬಿಸಿಲು ನೇರ ಮುಖಕ್ಕೆ. ಪೂರ್ವದ ಟಿಕೆಟ್ ಅಗ್ಗ ಇರಬಹುದು. ಬೇಡ. ಪಶ್ಚಿಮದಲ್ಲಿ, ಮೇಲಿನ ಅಂತಸ್ತಿನ ಕೆಳಗೆ ಬರುವ ಹಿಂದಿನ ಸಾಲು ಸಿಕ್ಕರೆ ಇನ್ನೂ ಒಳ್ಳೆಯದು.

ನಡು ಮಧ್ಯಾಹ್ನದ ಆಟ, ಹವಾಮಾನ ವರದಿಯಲ್ಲಿ 32 ಡಿಗ್ರಿಗಿಂತ ಜಾಸ್ತಿ ಅಂತ ಇದ್ದರೆ ಆ ದಿನ ಯಜಮಾನರು ಹೋಗುವುದು ಬೇಡ ಅನ್ನುತ್ತೇನೆ. 32 ಅನ್ನುವುದು ಯಾವ ಪುಸ್ತಕದ ಗೆರೆಯೂ ಅಲ್ಲ. ಈ ವಯಸ್ಸು, ಈ ಮಾತ್ರೆಗಳನ್ನು ನೋಡಿ ನನ್ನ ಮನೆಯವರಿಗೆ ನಾನು ಹಾಕುವ ಗೆರೆ. ಮಗನ ಮನಸ್ಸು ನೋಯುತ್ತದೆ ಅಂದರೆ ನಡುದಾರಿ ಒಂದಿದೆ: ಆಟದ ಮೊದಲರ್ಧ ಬಿಟ್ಟು, ಎರಡನೇ ಅರ್ಧಕ್ಕೆ ಹೋಗಿ. ತಡವಾಗಿ ಹೋದರೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಒಮ್ಮೆ ಹೊರಗೆ ಬಂದರೆ ಮತ್ತೆ ಒಳಗೆ ಬಿಡುವುದು ಕಷ್ಟ, ನೆನಪಿರಲಿ. ಇನ್ನೊಂದು ದಾರಿಯೂ ಇದೆ. ಅದೇ ಸ್ಟೇಡಿಯಂನಲ್ಲಿ ಸ್ಯಾನ್ ಡಿಯೇಗೊ ಎಫ್‌ಸಿ, ಸ್ಯಾನ್ ಡಿಯೇಗೊ ವೇವ್ ತಂಡಗಳು ನಾವು ಫುಟ್‌ಬಾಲ್ ಅನ್ನುವ ಆ ಕಾಲ್ಚೆಂಡಾಟ ಆಡುತ್ತವೆ. ಎಷ್ಟೋ ಮ್ಯಾಚ್ ಸಂಜೆ ಹೊತ್ತು, ಎರಡು ಗಂಟೆಯಲ್ಲಿ ಮುಗಿಯುತ್ತವೆ. ಎರಡನೇ, ಮೂರನೇ ವಾರದಲ್ಲಿ ಅಂಥದ್ದು ಇದೆಯಾ ನೋಡಿ.

ಯಾಕೆಂದರೆ ಅಮೆರಿಕನ್ ಫುಟ್‌ಬಾಲ್ ಸುಲಭಕ್ಕೆ ಮುಗಿಯುವುದಿಲ್ಲ. ಲೆಕ್ಕಕ್ಕೆ 15 ನಿಮಿಷದ ನಾಲ್ಕು ಭಾಗ, ಒಟ್ಟು ಒಂದು ಗಂಟೆ. ಗಡಿಯಾರ ಪದೇ ಪದೇ ನಿಲ್ಲುತ್ತದೆ, ಜಾಹೀರಾತಿಗಾಗಿ ಆಟವೇ ನಿಲ್ಲುತ್ತದೆ, ನಡುವೆ 20 ನಿಮಿಷ ವಿರಾಮ. ಮನೆಗೆ ಹೊರಡುವಾಗ ಮೂರೂವರೆ ಗಂಟೆ ಕಳೆದಿರುತ್ತದೆ. ನಮ್ಮ ತಂದೆ ಮೊದಲ ಸಲ ನೋಡಿದಾಗ ಒಂದು ಗಂಟೆ ಸುಮ್ನೆ ಕೂತು, ‘ಏನೋ ಇದು, ಬರೀ ಗುಂಪು ಕಟ್ಟಿಕೊಂಡು ಮಾತಾಡ್ತಾ ಇದಾರೆ, ಆಟ ಯಾವಾಗ ಶುರು ಮಾಡ್ತಾರೆ?’ ಅಂದರು. ಇಷ್ಟು ಗೊತ್ತಿದ್ದರೆ ಸಾಕು: ಚೆಂಡು ಸಿಕ್ಕ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು. ಕೊನೆಯ ಗೆರೆ ದಾಟಿಸಿದರೆ 6 ಅಂಕ, ಕಂಬಗಳ ನಡುವೆ ಒದ್ದರೆ 3. ವಿರಾಮದಲ್ಲಿ ಕಾಲೇಜಿನ ಬ್ಯಾಂಡ್ ಮೈದಾನಕ್ಕೆ ಇಳಿಯುತ್ತದೆ, ಅದನ್ನು ತಪ್ಪಿಸಬೇಡಿ. ಮೈಸೂರಿನವರಿಗೆ ದಸರಾ ಬ್ಯಾಂಡಿನ ರುಚಿ ಇರುತ್ತದಲ್ವಾ, ಇಷ್ಟವಾಗುತ್ತದೆ.

ನಿಮ್ಮ ಮಂಡಿಗೆ: ಟಿಕೆಟ್ ತೆಗೆಯುವಾಗ ‘ಆಕ್ಸೆಸಿಬಲ್ ಸೀಟಿಂಗ್’ ಅಂತ ಬೇರೆ ಆಯ್ಕೆ ಇರುತ್ತದೆ. ಅದು ವೀಲ್‌ಚೇರ್‌ನವರಿಗೆ ಮಾತ್ರ ಅಂದುಕೊಳ್ಳಬೇಡಿ, ಮೆಟ್ಟಿಲು ಹತ್ತಲಾರದವರಿಗೂ ಇದೆ. ಇಲ್ಲಿಯ ಕಾನೂನು ಪ್ರಕಾರ ಡಾಕ್ಟರ್ ಸರ್ಟಿಫಿಕೇಟ್ ಕೇಳುವ ಹಾಗಿಲ್ಲ. ಸುಳ್ಳು ಹೇಳಿದ ಹಾಗಾಗುತ್ತಾ ಅಂತ ನಮ್ಮ ತಾಯಿ ಸಂಕೋಚಪಟ್ಟಿದ್ದರು. ಮಂಡಿ ನೋವು ಸುಳ್ಳಲ್ಲವಲ್ಲ!

ಯಜಮಾನರ ಪಾದಕ್ಕೆ ಶೂ, ಕಾಲುಚೀಲ. ಚಪ್ಪಲಿ ಬೇಡವೇ ಬೇಡ. ಪಾದದ ಸ್ಪರ್ಶ ಕಮ್ಮಿಯಾಗಿದ್ದರೆ ಕಾದ ಸಿಮೆಂಟ್ ಸುಟ್ಟದ್ದು ಮನೆಗೆ ಬಂದು ಬೊಬ್ಬೆ ನೋಡಿದಾಗಲೇ ಗೊತ್ತಾಗುವುದು.

ಚೀಲದ ನಿಯಮ ಬಿಗಿ. ಒಳಗೆ ಏನಿದೆ ಅಂತ ಕಾಣುವ ಪಾರದರ್ಶಕ ಪ್ಲಾಸ್ಟಿಕ್ ಚೀಲವನ್ನೇ ಒಯ್ಯಿರಿ. ನಿಮ್ಮ ವ್ಯಾನಿಟಿ ಬ್ಯಾಗು ಮನೆಯಲ್ಲೇ ಇರಲಿ. ಗ್ಲುಕೋಮೀಟರ್, ಮಾತ್ರೆ, ಸಕ್ಕರೆ ಇಳಿದರೆ ಬೇಕಾಗುವ ಗ್ಲುಕೋಸ್, ಬಿಸ್ಕೆಟ್ ಎಲ್ಲ ಒಂದು ಕಡೆ ಇಟ್ಟು, ಔಷಧಿ ಚೀಟಿಯ ಜೊತೆ ಗೇಟಿನಲ್ಲಿ ತೋರಿಸಿ. ‘ಮೆಡಿಕಲ್’ ಅಂದರೆ ಪರೀಕ್ಷೆ ಮಾಡಿ ಬಿಡುತ್ತಾರೆ. ನೀರಿನ ಬಾಟಲಿಯ ನಿಯಮ ಬದಲಾಗುತ್ತಿರುತ್ತದೆ, ಹಿಂದಿನ ದಿನ ಸ್ಟೇಡಿಯಂ ವೆಬ್‌ಸೈಟ್ ನೋಡಿಕೊಳ್ಳಲು ಮಗನಿಗೆ ಹೇಳಿ. ಒಳಗೆ ನೋಟು ನಡೆಯುವುದಿಲ್ಲ, ಕಾರ್ಡ್ ಬೇಕು.

ಊಟದ ವಿಷಯದಲ್ಲಿ ಸುಳ್ಳು ಭರವಸೆ ಕೊಡುವುದಿಲ್ಲ. ಮನೆಯಲ್ಲೇ ಹೊಟ್ಟೆ ತುಂಬ ಊಟ ಮಾಡಿ ಹೊರಡಿ. ಮೊಸರನ್ನ, ತೆಳ್ಳನೆ ಮಜ್ಜಿಗೆ ಇಂಥ ದಿನಕ್ಕೆ ಹೇಳಿ ಮಾಡಿಸಿದ್ದು. ಒಳಗೆ ಫ್ರೆಂಚ್ ಫ್ರೈಸ್ ಸಿಗುತ್ತದೆ, ಕೋಳಿ ಕರಿದ ಎಣ್ಣೆಯಲ್ಲೇ ಕರಿದಿರಬಹುದು, ಕೇಳಿ. ಬೀನ್ಸ್ ಪಲ್ಯದ ಹಾಗೆ ಕಾಣುವ ಮೆಕ್ಸಿಕನ್ ಪದಾರ್ಥದಲ್ಲಿ ಹಂದಿ ಕೊಬ್ಬು ಇರಬಹುದು, ಅದನ್ನೂ ಕೇಳಿ. ಪ್ರೆಟ್ಜೆಲ್ ಅನ್ನುವ ದಪ್ಪ ಬ್ರೆಡ್ಡಿನಲ್ಲಿ ಸಾಮಾನ್ಯವಾಗಿ ಮಾಂಸ ಇರುವುದಿಲ್ಲ, ಉಪ್ಪು ಮಾತ್ರ ವಿಪರೀತ. ದೊಡ್ಡ ಲೋಟದ ಸೋಡಾ ಯಜಮಾನರ ಕೈಗೆ ಸಿಗದಿರಲಿ. ಮ್ಯಾಚಿಗೆ ಮುಂಚೆ ಪಾರ್ಕಿಂಗ್ ಜಾಗದಲ್ಲಿ ಜನ ಒಲೆ ಹೂಡಿ ಅಡುಗೆ ಮಾಡಿಕೊಂಡು ಜಾತ್ರೆಯ ಹಾಗೆ ಇರುತ್ತಾರೆ, ಟೇಲ್‌ಗೇಟ್ ಅಂತ ಅದರ ಹೆಸರು. ನೋಡಲು ಚೆಂದ. ಆದರೆ ಮಾಂಸದ ಹೊಗೆ, ಕೆಳಗೆ ಕಾದ ಡಾಂಬರು. ಒಂದು ಸುತ್ತು ಹಾಕಿ ಬನ್ನಿ, ಸಾಕು.

ಒಳಗೆ ಹೋದ ಕೂಡಲೇ ಪ್ರಥಮ ಚಿಕಿತ್ಸೆ ಕೋಣೆ ಎಲ್ಲಿದೆ ಅಂತ ಕೇಳಿಟ್ಟುಕೊಳ್ಳಿ. ಬಾಯಾರಿಕೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ನೀರು. ತಲೆನೋವು, ಸುಸ್ತು, ವಾಕರಿಕೆ, ಕಾಲು ಸೆಳೆತ ಇದ್ದರೆ ಅವರನ್ನು ನೆರಳಿಗೆ ಕರೆತಂದು, ಕುತ್ತಿಗೆಗೆ ಒದ್ದೆ ಬಟ್ಟೆ ಹಾಕಿ, ನೀರು ಕೊಡಿ. ಅರ್ಧ ಗಂಟೆಯಲ್ಲಿ ಸರಿಹೋಗದಿದ್ದರೆ ನಮ್ಮ ಕೋಣೆಗೆ ಬನ್ನಿ. ಆದರೆ ಮಾತು ತೊದಲಿದರೆ, ಎಲ್ಲಿದ್ದೇನೆ ಅಂತ ಗೊತ್ತಾಗದಿದ್ದರೆ, ಸುಮ್ಮಸುಮ್ಮನೆ ರೇಗಾಡಿದರೆ ಒಂದು ನಿಮಿಷವೂ ಕಾಯಬೇಡಿ. ಸಮವಸ್ತ್ರದಲ್ಲಿರುವ ಯಾರನ್ನಾದರೂ ಕೂಗಿ, ಅವರು ಬರುವಷ್ಟರಲ್ಲಿ ಸಕ್ಕರೆ ನೋಡಿ. ಸಕ್ಕರೆ ಇಳಿದರೂ ಹೀಗೇ ಆಗುತ್ತದೆ, ಬಿಸಿಲಿನ ಹೊಡೆತಕ್ಕೂ ಹೀಗೇ ಆಗುತ್ತದೆ. ಮೈ ಬೆವರುತ್ತಿದ್ದರೆ ಸನ್‌ಸ್ಟ್ರೋಕ್ ಇರುವುದಿಲ್ಲ ಅಂತ ಹೇಳುತ್ತಾರೆ. ನಂಬಬೇಡಿ.

ಸ್ಟೇಡಿಯಂ ಕೋಣೆಯಲ್ಲಿ ನೋಡಿದ್ದಕ್ಕೆ ಸಾಮಾನ್ಯವಾಗಿ ಬಿಲ್ ಇರುವುದಿಲ್ಲ. ಆಂಬುಲೆನ್ಸ್ ಹತ್ತಿದರೆ ಬಿಲ್ ಶುರು, ಸಾವಿರ ಡಾಲರ್ ಏನೂ ಅಲ್ಲ. ಪ್ರವಾಸಿ ವಿಮೆ ಕೊಳ್ಳುವಾಗ ಹಳೇ ಕಾಯಿಲೆ ದಿಢೀರ್ ಉಲ್ಬಣಿಸಿದರೆ ಕೊಡುತ್ತಾರಾ, ಎಷ್ಟು ವಯಸ್ಸಿನವರೆಗೆ ಅನ್ನುವ ಸಾಲನ್ನು ಮಗ ಓದಲಿ.

ಹೋಗಿ ಬರುವುದು ಕಾರಿಗಿಂತ ಟ್ರಾಲಿ ಅನ್ನುವ ನಗರ ರೈಲಿನಲ್ಲಿ ಸುಲಭ. ಕಾಲೇಜಿನ ಕೆಳಗೇ ಸುರಂಗದಲ್ಲಿ ಒಂದು ನಿಲ್ದಾಣ ಇದೆ. ಅಲ್ಲಿ ಗ್ರೀನ್ ಲೈನ್ ಹತ್ತಿದರೆ ಮೂರನೇ ನಿಲ್ದಾಣವೇ ಸ್ಟೇಡಿಯಂ. ವಾಪಸ್ ಬರುವಾಗ ಮಾತ್ರ ಎಲ್ಲರ ಜೊತೆ ಎದ್ದು ಓಡಬೇಡಿ. ನಿಮ್ಮ ಜನಜಂಗುಳಿಯ ಭಯಕ್ಕೆ ಇಡೀ ದಿನದಲ್ಲಿ ಸ್ವಲ್ಪವಾದರೂ ಅರ್ಥ ಇರುವುದು ಈ ಹೊತ್ತಿಗೆ, ಈ ಪ್ಲಾಟ್‌ಫಾರಂಗೆ. ಆಟ ಮುಗಿಯಲು ಹತ್ತು ನಿಮಿಷ ಇರುವಾಗ ಎದ್ದುಬಿಡಿ. ಇಲ್ಲವೇ ಮುಗಿದ ಮೇಲೆ ಅರ್ಧ ಗಂಟೆ ಸೀಟಿನಲ್ಲೇ ಕೂತು ಫೋಟೋ ತೆಗೆದುಕೊಳ್ಳಿ.

ಬಟ್ಟೆ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಆ ಕಾಲೇಜಿನ ಬಣ್ಣ ಕೆಂಪು, ಕಪ್ಪು. ಮಗ ಕಪ್ಪು ಟೀ ಶರ್ಟ್ ತಂದು ಕೊಟ್ಟರೆ ಸಂಜೆಯ ಮ್ಯಾಚಿಗೆ ಹಾಕಿಕೊಳ್ಳಿ. ಬಿಸಿಲಿನಲ್ಲಿ ಆದರೆ ಕೆಂಪೇ ಇರಲಿ, ತೆಳ್ಳನೆ ಹತ್ತಿಯದು, ತುಂಬು ತೋಳಿನದು. ಯಜಮಾನರ ತಲೆಗೆ ಅಗಲ ಅಂಚಿನ ಟೋಪಿ. ಅವರು ಬೇಡ ಅಂದರೆ ಡಾಕ್ಟರ್ ಹೇಳಿದ್ದಾರೆ ಅನ್ನಿ.